ಸೇಡಂ–ಚಿತ್ತಾಪುರ–ಚಿಂಚೋಳಿ ಸೀಮೆಯ ಭೂಹಿಡುವಳಿ ಮತ್ತು ಕೃಷಿಭೂಮಿ ಕಾನೂನು

ಕಲಬುರಗಿ ಜಿಲ್ಲೆಯ ಪೂರ್ವಭಾಗದ ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳಲ್ಲಿಯೂ ಚಿತ್ತಾಪುರ ತಾಲ್ಲೂಕಿಗೆ ಸೇರಿದ ರೈಲ್ವೆ ಜಂಕ್ಷನ್ ಊರಾದ ವಾಡಿಯ ಆಸುಪಾಸಿನಲ್ಲಿಯೂ ಹೊಲವನ್ನು ಯಾರು ಯಾವ ಹಕ್ಕಿನಿಂದ ಹಿಡಿದಿರುತ್ತಾರೆ, ಯಾರಿಗೆ ಮಾರಬಹುದು, ಯಾರಿಂದ ಮಾಡಿಸಬಹುದು, ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬಹುದೇ ಎಂಬುದನ್ನು ಗೊತ್ತುಪಡಿಸುವ ಕಾಯಿದೆ, ದಾಖಲೆ ಮತ್ತು ರೂಢಿಗಳು ಈ ಲೇಖನದ ವಿಷಯ. ಕಾಗಿಣಾ ನದಿ ಹರಿದು ಭೀಮೆಯನ್ನು ಸೇರುವ ಈ ಸೀಮೆಯಲ್ಲಿ ಮೇಲೆ ಎರೆಮಣ್ಣು, ಅದರ ಕೆಳಗೆ ಸುಣ್ಣಕಲ್ಲು. ಮೇಲಿನ ಮಣ್ಣಿನಲ್ಲಿ ತೊಗರಿ, ಜೋಳ, ಹೆಸರು, ಉದ್ದು ಬೆಳೆಯುತ್ತವೆ, ಕೆಳಗಿನ ಕಲ್ಲು ಮನೆಗಳ ನೆಲಹಾಸಿಗೂ ಸಿಮೆಂಟು ಕಾರ್ಖಾನೆಗಳಿಗೂ ಹೋಗುತ್ತದೆ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮಣ್ಣು ಒಬ್ಬನದು, ಕಲ್ಲು ಸರ್ಕಾರದ್ದು, ಬೆಳೆ ಅನೇಕ ವೇಳೆ ಮೂರನೆಯವನದು ಎಂಬ ಸ್ಥಿತಿ ಇಲ್ಲಿ ಹೇಗೆ ಉಂಟಾಯಿತೆಂಬುದನ್ನು ತಿಳಿಯಲು ನಿಜಾಮರ ಆಳ್ವಿಕೆಯಿಂದ ಹಿಡಿದು ಒಕ್ಕೂಟದ ಸಂವಿಧಾನದವರೆಗಿನ ಕಾನೂನುಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ.

ಒಕ್ಕೂಟದಲ್ಲಿ ಭೂಮಿಯ ಸ್ಥಾನ

ಭಾರತದ ಸಂವಿಧಾನದ ಏಳನೆಯ ಅನುಸೂಚಿಯು ಶಾಸನ ಮಾಡುವ ವಿಷಯಗಳನ್ನು ಕೇಂದ್ರಪಟ್ಟಿ, ರಾಜ್ಯಪಟ್ಟಿ, ಸಮವರ್ತಿಪಟ್ಟಿ ಎಂದು ಹಂಚಿದ್ದು, ಭೂಮಿ, ಭೂಮಿಯ ಮೇಲಿನ ಹಕ್ಕು, ಜಮೀನುದಾರ ಮತ್ತು ಗೇಣಿದಾರರ ಸಂಬಂಧ, ಕೃಷಿಭೂಮಿಯ ಪರಭಾರೆ ಇವೆಲ್ಲ ರಾಜ್ಯಪಟ್ಟಿಯ 18ನೆಯ ನಮೂದಿನಲ್ಲಿಯೂ, ಕೃಷಿ 14ನೆಯ ನಮೂದಿನಲ್ಲಿಯೂ, ಕಂದಾಯ ಮತ್ತು ಹಕ್ಕುದಾಖಲೆ 45ನೆಯ ನಮೂದಿನಲ್ಲಿಯೂ ಇವೆ. ಸಮವರ್ತಿಪಟ್ಟಿಯ 6ನೆಯ ನಮೂದು ಸ್ವತ್ತಿನ ವರ್ಗಾವಣೆಯನ್ನು ಕೇಂದ್ರಕ್ಕೂ ರಾಜ್ಯಕ್ಕೂ ಒಪ್ಪಿಸುವಾಗ ಕೃಷಿಭೂಮಿಯನ್ನು ಹೆಸರಿಟ್ಟು ಹೊರಗಿಡುತ್ತದೆ. ಆದರೆ ಭೂಸ್ವಾಧೀನವು 1956ರಿಂದ ಸಮವರ್ತಿಪಟ್ಟಿಯ ವಿಷಯ, ಉತ್ತರಾಧಿಕಾರವೂ ಹಾಗೆಯೇ. ಗಣಿಗಳ ನಿಯಂತ್ರಣವು ಕೇಂದ್ರಪಟ್ಟಿಯ 54ನೆಯ ನಮೂದಿನಡಿ ಸಂಸತ್ತಿಗೆ ಸೇರುತ್ತದೆ. ಹೀಗಾಗಿ ಸೇಡಂ ತಾಲ್ಲೂಕಿನ ಒಂದು ಸರ್ವೆ ನಂಬರಿನ ಮಾರಾಟವು ಬೆಂಗಳೂರಿನ ಕಾನೂನಿಗೂ, ಅದರಡಿಯ ಸುಣ್ಣಕಲ್ಲು ದಿಲ್ಲಿಯ ಕಾನೂನಿಗೂ, ಆ ಹೊಲದಲ್ಲಿ ಮಗಳು ಪಡೆಯುವ ಪಾಲು ಎರಡೂ ಕಡೆಯ ಕಾನೂನಿಗೂ ಒಳಪಟ್ಟಿರುತ್ತದೆ.

ಒಕ್ಕೂಟ ರಾಷ್ಟ್ರಗಳು ಈ ಹಂಚಿಕೆಯನ್ನು ಒಂದೇ ರೀತಿ ಮಾಡಿಕೊಂಡಿಲ್ಲ. ಕೆನಡಾದಲ್ಲಿ ಸ್ವತ್ತಿನ ಹಕ್ಕು ಪ್ರಾಂತ್ಯಗಳದಾದ್ದರಿಂದ ಬ್ರಿಟಿಷ್ ಕೊಲಂಬಿಯಾ 1973ರಲ್ಲಿ ಕೃಷಿಭೂಮಿಯನ್ನು ಕಾದಿರಿಸುವ ಕಾನೂನು ಮಾಡಿತು, ಪ್ರಿನ್ಸ್ ಎಡ್ವರ್ಡ್ ದ್ವೀಪವು 1982ರಲ್ಲಿ ವ್ಯಕ್ತಿಗೆ 1,000 ಎಕರೆ, ಕಂಪನಿಗೆ 3,000 ಎಕರೆ ಎಂದು ಮಿತಿ ಹಾಕಿತು. ಜರ್ಮನಿಯಲ್ಲಿ ಕೃಷಿಭೂಮಿಯ ಪರಭಾರೆಯ ವಿಷಯವು 2006ರ ಸಂವಿಧಾನ ಸುಧಾರಣೆಯಲ್ಲಿ ಕೇಂದ್ರದಿಂದ ರಾಜ್ಯಗಳಿಗೆ ಬಂತು. ಭಾರತದೊಳಗೇ ನಾಗಾಲ್ಯಾಂಡಿಗೆ ಸಂಬಂಧಿಸಿದ 371ಎ ವಿಧಿಯು ಭೂಮಿಯ ಒಡೆತನ ಮತ್ತು ವರ್ಗಾವಣೆಗೆ ವಿಶೇಷ ರಕ್ಷಣೆ ಕೊಟ್ಟರೆ, 98ನೆಯ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ 2019ರಿಂದ ಕಲ್ಯಾಣ ಕರ್ನಾಟಕ ಎಂದು ಕರೆಯಲಾಗುವ ಪ್ರದೇಶಕ್ಕೆ, ದೊರೆತ 371ಜೆ ವಿಧಿಯು ಅಭಿವೃದ್ಧಿ ಮಂಡಳಿ, ಅನುದಾನ, ಶಿಕ್ಷಣ ಮತ್ತು ಉದ್ಯೋಗಗಳಿಗೆ ಸೀಮಿತವಾಗಿದ್ದು ಭೂಮಿಯ ಮಾತನ್ನೇ ಎತ್ತುವುದಿಲ್ಲ.

ನಿಜಾಮರ ಕಾಲದ ಹಿಡುವಳಿಗಳು

ಹೈದರಾಬಾದ್ ಸಂಸ್ಥಾನದ ಭೂಮಿಯು ಒಂದೇ ಬಗೆಯ ಹಕ್ಕಿನಡಿ ಇರಲಿಲ್ಲ. ಸರ್ಕಾರವೇ ನೇರವಾಗಿ ಕಂದಾಯ ವಸೂಲು ಮಾಡುತ್ತಿದ್ದ ಭೂಮಿಗೆ ದಿವಾನಿ ಅಥವಾ ಖಾಲ್ಸಾ ಎಂದೂ, ನಿಜಾಮರ ಖಾಸಗಿ ಖರ್ಚಿಗೆ ಮೀಸಲಾದ ಭೂಮಿಗೆ ಸರ್ಫ್-ಎ-ಖಾಸ್ ಎಂದೂ, ಸೇವೆಗಾಗಿ ಅಥವಾ ಕೃಪೆಯಿಂದ ಕಂದಾಯದ ಹಕ್ಕನ್ನು ಬಿಟ್ಟುಕೊಟ್ಟ ಹಳ್ಳಿಗಳಿಗೆ ಜಾಗೀರು ಎಂದೂ, ಸೈನ್ಯ ಪೋಷಣೆಗೆಂದು ನಿಜಾಮರ ಸಂಬಂಧಿಕ ಮನೆತನಗಳಿಗೆ ಕೊಟ್ಟ ದೊಡ್ಡ ಜಾಗೀರುಗಳಿಗೆ ಪಾಯಗಾ ಎಂದೂ ಹೆಸರಿತ್ತು. ಸಂಸ್ಥಾನದ ಸುಮಾರು ಹತ್ತನೆಯ ಒಂದು ಭಾಗ ಸರ್ಫ್-ಎ-ಖಾಸ್ ಆಗಿಯೂ, ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಜಾಗೀರುಗಳಾಗಿಯೂ ಇದ್ದುದರಿಂದ ದಿವಾನಿ ಹಳ್ಳಿಯ ರೈತನಿಗೆ ಇದ್ದ ಕನಿಷ್ಠ ರಕ್ಷಣೆಯೂ ಪಕ್ಕದ ಜಾಗೀರು ಹಳ್ಳಿಯ ರೈತನಿಗೆ ಇರುತ್ತಿರಲಿಲ್ಲ.

ಒಂದನೆಯ ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲಿ (1853–1883) ಕಂದಾಯ ವಸೂಲಿಯನ್ನು ಗುತ್ತಿಗೆ ಕೊಡುವ ಪದ್ಧತಿ ನಿಂತು, 1865ರ ಜಿಲ್ಲಾಬಂದಿಯಿಂದ ಜಿಲ್ಲೆ, ತಾಲ್ಲೂಕುಗಳ ಆಡಳಿತ ರೂಪುಗೊಂಡಿತು. ಮುಂಬಯಿ ಪ್ರಾಂತ್ಯದ ಮಾದರಿಯ ರೈತವಾರಿ ಸರ್ವೆಯೂ ಬಂತು. ಸರ್ವೆಯಲ್ಲಿ ಹೆಸರು ದಾಖಲಾಗಿ ಸರ್ಕಾರಕ್ಕೆ ನೇರ ಕಂದಾಯ ಕಟ್ಟುವವನು ಪಟ್ಟೇದಾರನೆನಿಸಿದನು, ಅವನೊಡನೆ ಹೊಲದಲ್ಲಿ ಪಾಲುಳ್ಳವನು ಶಿಕ್ಮಿದಾರನೆನಿಸಿದನು, ಇವರ ಕೈಕೆಳಗೆ ಉಳುವವನು ಅಸಾಮಿ ಶಿಕ್ಮಿಯೆನಿಸಿದನು. ಈ ಸಂಬಂಧಗಳನ್ನು 1317 ಫಸಲಿಯ, ಅಂದರೆ 1907ರ ವೇಳೆಯ, ಹೈದರಾಬಾದ್ ಭೂಕಂದಾಯ ಕಾಯಿದೆಯು ಕ್ರಮಪಡಿಸಿತು. ಫಸಲಿಯೆಂಬುದು ಕಂದಾಯದ ಲೆಕ್ಕಕ್ಕಾಗಿ ಬಳಸುತ್ತಿದ್ದ ಶಕೆ. ಅಸಾಮಿ ಶಿಕ್ಮಿಗಳಿಗಾಗಿ 1945ರಲ್ಲಿ ಬೇರೆ ಕಾಯಿದೆ ಬಂದರೂ ಅದು ಜಾರಿಯಲ್ಲಿ ಹೆಚ್ಚು ದೂರ ಸಾಗಲಿಲ್ಲ.

ಹಳ್ಳಿಯ ಆಡಳಿತವು ವತನದಾರರ, ಅಂದರೆ ವಂಶಪಾರಂಪರ್ಯದ ಹುದ್ದೆಯವರ, ಕೈಯಲ್ಲಿತ್ತು. ಕಂದಾಯ ನೋಡಿಕೊಳ್ಳುವ ಮಾಲಿಪಾಟೀಲ, ಕಾವಲು ಮತ್ತು ಶಾಂತಿ ನೋಡಿಕೊಳ್ಳುವ ಪೊಲೀಸ್ ಪಾಟೀಲ, ಲೆಕ್ಕ ಬರೆಯುವ ಕುಲಕರ್ಣಿ, ಇವರ ಕೆಳಗೆ ಇನಾಂ ಭೂಮಿಯ ಆದಾಯದ ಮೇಲೆ ಊರಿನ ಸೇವೆ ಮಾಡುತ್ತಿದ್ದ ತಳವಾರ, ವಾಲೀಕಾರ ಮೊದಲಾದವರು ಇದ್ದರು. ಈ ಹುದ್ದೆಗಳಲ್ಲಿ ಹಲವು ಇಂದಿಗೂ ಈ ಭಾಗದ ಮನೆತನಗಳ ಅಡ್ಡಹೆಸರುಗಳಾಗಿ ಉಳಿದಿವೆ. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆಯು 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ಆ ಹುದ್ದೆಗಳಿಗೆ ಅಂಟಿದ ಭೂಮಿಯನ್ನು ಸರ್ಕಾರಕ್ಕೆ ತೆಗೆದುಕೊಂಡು ಹಿಂದಿನ ಹಿಡುವಳಿದಾರರಿಗೇ ಮರುಮಂಜೂರು ಮಾಡುವ ದಾರಿ ತೆರೆಯಿತು. ಬಡ ಸೇವಕ ಮನೆತನಗಳು ಮರುಮಂಜೂರಾದ ಹೊಲವನ್ನು ಬೇಗನೆ ಕಳೆದುಕೊಳ್ಳತೊಡಗಿದ್ದರಿಂದ 1978ರಲ್ಲಿ ಅಂತಹ ಭೂಮಿಯನ್ನು 15 ವರ್ಷ ಪರಭಾರೆ ಮಾಡದಂತೆ ತಿದ್ದುಪಡಿ ತರಬೇಕಾಯಿತು.

1948ರಿಂದ 1956ರವರೆಗೆ

ಹೈದರಾಬಾದ್ 1948ರ ಸೆಪ್ಟೆಂಬರ್ 17ರಂದು ಭಾರತದೊಡನೆ ಸೇರಿದ ಮೇಲಿನ ಎಂಟು ವರ್ಷಗಳು ಈ ಸೀಮೆಯ ಭೂಕಾನೂನಿನಲ್ಲಿ ಅತ್ಯಂತ ಮಹತ್ವದವು. 1358 ಫಸಲಿಯ ಜಾಗೀರು ರದ್ದಿಯಾತಿ ನಿಯಮಾವಳಿಯು 1949ರ ಆಗಸ್ಟ್ 15ರಂದು ಜಾರಿಗೆ ಬಂದು ಜಾಗೀರುಗಳನ್ನೂ ಪಾಯಗಾಗಳನ್ನೂ ದಿವಾನಿಯಲ್ಲಿ ಲೀನಗೊಳಿಸಿತು. ತೆಲಂಗಾಣದ ರೈತರ ಸಶಸ್ತ್ರ ಹೋರಾಟ ಇನ್ನೂ ನಡೆಯುತ್ತಿದ್ದ ಹೊತ್ತಿನಲ್ಲಿಯೇ ಹೈದರಾಬಾದ್ ಗೇಣಿ ಮತ್ತು ಕೃಷಿಭೂಮಿ ಕಾಯಿದೆ, 1950 ಹೊರಬಂದಿತು. ನಿಗದಿಯಾದ ಅವಧಿಯಲ್ಲಿ ಆರು ವರ್ಷಕ್ಕೆ ಕಡಿಮೆಯಿಲ್ಲದೆ ಒಂದೇ ಹೊಲವನ್ನು ಸ್ವತಃ ಉತ್ತವನನ್ನು ಅದು ರಕ್ಷಿತ ಗೇಣಿದಾರನೆಂದು ಕರೆದು, ಒಡೆಯನು ಮನಸ್ಸು ಬಂದಾಗ ಅವನನ್ನು ಎಬ್ಬಿಸದಂತೆ ತಡೆದು, ಆ ಹೊಲವನ್ನು ಕೊಂಡುಕೊಳ್ಳುವ ಹಕ್ಕನ್ನೂ ಕೊಟ್ಟಿತು. ಹೊಲಹೊಲಕ್ಕೆ ಹೋಗಿ ಸ್ವಾಧೀನದಲ್ಲಿದ್ದವರ ಹೆಸರನ್ನು ಬರೆದುಕೊಂಡು 1954–55ರಲ್ಲಿ ಸಿದ್ಧವಾದ ಖಾಸ್ರಾ ಪಹಣಿಯು ಅಂದಿನ ಹಿಡುವಳಿಯ ಮೂಲ ದಾಖಲೆಯಾಗಿದ್ದು, ಕಲಬುರಗಿ ಭಾಗದ ಭೂವ್ಯಾಜ್ಯಗಳಲ್ಲಿ ಅದನ್ನು ಈಗಲೂ ಹಾಜರುಪಡಿಸಲಾಗುತ್ತದೆ.

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಕಲಬುರಗಿ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸುವಾಗ ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳನ್ನು ಆಂಧ್ರಪ್ರದೇಶಕ್ಕೆ ಬಿಟ್ಟಿತು. ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿರುವ ಈ ಊರುಗಳ ಮಣ್ಣು, ಕಲ್ಲು, ತೊಗರಿ, ಪಟ್ಟಾದ ಮೂಲ ಎಲ್ಲವೂ ಸೇಡಂ, ಚಿಂಚೋಳಿಗಳದ್ದೇ ಆಗಿದ್ದರೂ ಅಂದಿನಿಂದ ಕಾನೂನು ಬೇರೆಯಾಯಿತು. 1950ರ ಗೇಣಿ ಕಾಯಿದೆ ಮೂರು ರಾಜ್ಯಗಳಿಗೆ ಹಂಚಿಹೋಯಿತು: ಮಹಾರಾಷ್ಟ್ರವು ಮರಾಠವಾಡದಲ್ಲಿ ಅದನ್ನು ಉಳಿಸಿಕೊಂಡಿತು, ಆಂಧ್ರಪ್ರದೇಶವು ತೆಲಂಗಾಣ ಪ್ರದೇಶದ ಕಾಯಿದೆಯೆಂಬ ಹೆಸರಿನಲ್ಲಿ ಮುಂದುವರಿಸಿ ಅದರ 38ಇ ಕಲಮಿನಡಿ ರಕ್ಷಿತ ಗೇಣಿದಾರರಿಗೆ ಒಡೆತನದ ಪ್ರಮಾಣಪತ್ರ ಕೊಟ್ಟಿತು, ಕರ್ನಾಟಕವು ಮಾತ್ರ ಅದನ್ನು ತೆಗೆದುಹಾಕಿ ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ಮಾಡಿತು.

ಭೂ ಸುಧಾರಣಾ ಕಾಯಿದೆ

ಆ ಕಾಯಿದೆ, ಅಂದರೆ 1961ರ ಕರ್ನಾಟಕ ಭೂ ಸುಧಾರಣಾ ಕಾಯಿದೆ, 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ರಕ್ಷಿತ ಗೇಣಿದಾರನೂ ಅದರ ಗೇಣಿದಾರನೆಂಬ ವ್ಯಾಖ್ಯೆಯೊಳಗೆ ಬಂದನಾದರೂ ಸ್ವಂತ ಬೇಸಾಯಕ್ಕೆಂದು ಒಡೆಯನು ಭೂಮಿ ಮರಳಿ ಪಡೆಯಲು ಅದರಲ್ಲಿ ಅವಕಾಶವಿದ್ದುದರಿಂದ ಮೊದಲ ದಶಕದಲ್ಲಿ ಗೇಣಿದಾರನಿಗೆ ದೊರೆತದ್ದು ಅಲ್ಪ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಬಂದ ತಿದ್ದುಪಡಿಯು ಇದನ್ನು ಬುಡಸಮೇತ ಬದಲಿಸಿತು. 1974ರ ಮಾರ್ಚ್ 1ರಿಂದ ಗೇಣಿಯಲ್ಲಿದ್ದ ಎಲ್ಲ ಕೃಷಿಭೂಮಿ 44ನೆಯ ಕಲಮಿನಂತೆ ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಒಡೆತನವು ಜಮೀನುದಾರನನ್ನು ಬಿಟ್ಟು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ವಿಚಾರಣೆಯಲ್ಲಿ ಗೆದ್ದರೆ, ಫಾರಂ 10ರ ಮೂಲಕ ಅಧಿಭೋಗದಾರ, ಅಂದರೆ ಹೊಲದ ಒಡೆಯ, ಆಗುತ್ತಿದ್ದನು. ಅರ್ಜಿಯ ಕೊನೆಯ ದಿನ ಹಲವು ಸಲ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು.

ನ್ಯಾಯಮಂಡಳಿಯ ಮುಂದೆ ವಕೀಲರು ಬರಕೂಡದೆಂದು ಕಾಯಿದೆಯ 48(8)ನೆಯ ಕಲಂ ಹೇಳುತ್ತಿತ್ತು; ವಕೀಲರನ್ನಿಡಲು ಶಕ್ತಿಯಿಲ್ಲದ ಗೇಣಿದಾರನು ಶಕ್ತಿಯುಳ್ಳ ಒಡೆಯನ ಮುಂದೆ ಸೋಲದಿರಲೆಂಬುದು ಅದರ ಹಿಂದಿನ ಕಾಳಜಿ. ವಕೀಲಿ ವೃತ್ತಿಯು ಕೇಂದ್ರದ ಕಾನೂನಿನ ವಿಷಯವಾದ್ದರಿಂದ ಈ ನಿಷೇಧ ನಿಲ್ಲದೆಂದು ಸುಪ್ರೀಂ ಕೋರ್ಟು 1987ರಲ್ಲಿ ತೀರ್ಪಿತ್ತಿತು. ಭೂಮಿ ರಾಜ್ಯದ ವಿಷಯವೆಂದ ಮಾತ್ರಕ್ಕೆ ಭೂವ್ಯಾಜ್ಯದ ಎಲ್ಲ ಅಂಗಗಳೂ ರಾಜ್ಯದ ಕೈಯಲ್ಲಿರುವುದಿಲ್ಲವೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಈ ಸುಧಾರಣೆಯ ಫಲ ರಾಜ್ಯದಲ್ಲಿ ಸಮನಾಗಿ ಹಂಚಿಹೋಗಲಿಲ್ಲ. ಗೇಣಿಚೀಟಿ, ರಸೀದಿಗಳು ಬಳಕೆಯಲ್ಲಿದ್ದ, ರೈತಸಂಘಟನೆ ಬಲವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಒಡೆಯರಾದರು. ಬಾಯಿಮಾತಿನ ಪಾಲೇ ರೂಢಿಯಾಗಿದ್ದ ಕಲಬುರಗಿ ಸೀಮೆಯಲ್ಲಿ, ಹೊಲದ ಹಕ್ಕು ಮತ್ತು ಸಾಗುವಳಿ ತೋರಿಸುವ ದಾಖಲೆಯಾದ ಪಹಣಿಯಲ್ಲಿ ಹೆಸರಿಲ್ಲದವನಿಗೆ ತಾನು ಗೇಣಿದಾರನೆಂದು ತೋರಿಸುವುದೇ ಕಷ್ಟವಾಯಿತು, ಏಕೆಂದರೆ ಭೂಕಂದಾಯ ಕಾಯಿದೆಯ 133ನೆಯ ಕಲಂ ಪಹಣಿಯ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ನಿಜವೆಂದೇ ಹಿಡಿಯುತ್ತದೆ. ಹಿಡುವಳಿಯ ಗರಿಷ್ಠ ಮಿತಿಯೂ ಒಣಬೇಸಾಯದ ಸೀಮೆಯಲ್ಲಿ ಸಡಿಲವಾಗಿಯೇ ಕೆಲಸ ಮಾಡಿತು: ಐವರ ಕುಟುಂಬಕ್ಕೆ 10 ಯೂನಿಟ್ ಎಂಬ ಮಿತಿಯು ಅತ್ಯುತ್ತಮ ನೀರಾವರಿ ಭೂಮಿಯಲ್ಲಿ 10 ಎಕರೆಯಾದರೆ ಮಳೆಯಾಶ್ರಿತ ಡಿ ವರ್ಗದ ಭೂಮಿಯಲ್ಲಿ 54 ಎಕರೆಯಾಗುತ್ತದೆ.

ಕೃಷಿಕರಲ್ಲದವರು, ಹಾಗೂ ನಿಗದಿತ ಮಿತಿಗಿಂತ ಹೆಚ್ಚು ಬೇರೆ ಆದಾಯವುಳ್ಳವರು, ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳು 1974ರ ತಿದ್ದುಪಡಿಯ ಇನ್ನೊಂದು ಆಧಾರಸ್ತಂಭವಾಗಿದ್ದವು. ಮೊದಲು 12,000 ರೂಪಾಯಿಯಿದ್ದ ಆದಾಯಮಿತಿಯು ಏರುತ್ತಾ 2015ರಲ್ಲಿ 25 ಲಕ್ಷ ರೂಪಾಯಿಗೆ ಮುಟ್ಟಿತು. 2020ರಲ್ಲಿ ಆ ಕಲಮುಗಳನ್ನೇ ಕೈಬಿಡಲಾಯಿತು. ಗಡಿಯಾಚೆಯ ತಾಂಡೂರಿನಲ್ಲಿ ಇಂತಹ ಸಾರಾಸಗಟು ನಿಷೇಧ ಕರ್ನಾಟಕದ ರೂಪದಲ್ಲಿ ಇರಲಿಲ್ಲ. ನಿಷೇಧವು ಭ್ರಷ್ಟಾಚಾರಕ್ಕೆ ಎಡೆಮಾಡಿತ್ತೆಂಬುದು ತೆಗೆದವರ ವಾದ, ಸಣ್ಣ ರೈತನು ಪೇಟೆಯ ಹಣದೆದುರು ನಿಲ್ಲಲಾರನೆಂಬುದು ವಿರೋಧಿಸಿದವರ ವಾದ. ಮಳೆ ಕೈಕೊಟ್ಟ ವರ್ಷ ಸಾಲ ತೀರಿಸಲು ಹೊಲ ಮಾರುವವರೇ ಹೆಚ್ಚಿರುವ ಸೀಮೆಯಲ್ಲಿ ಎರಡನೆಯ ವಾದಕ್ಕೆ ಹೆಚ್ಚಿನ ತೂಕ ಸಲ್ಲಬೇಕು.

ಮಂಜೂರಾದ ಭೂಮಿಯ ವಿಷಯದಲ್ಲಿ ರಕ್ಷಣೆ ಇನ್ನೂ ಗಟ್ಟಿಯಾಗಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯ ಪರಭಾರೆಯನ್ನು ನಿಷೇಧಿಸುವ, ಪಿಟಿಸಿಎಲ್ ಎಂದೇ ಪರಿಚಿತವಾದ 1978ರ ಕಾಯಿದೆಯನ್ನು ಸುಪ್ರೀಂ ಕೋರ್ಟು 1984ರಲ್ಲಿ ಎತ್ತಿಹಿಡಿಯಿತು. ಭೂಮಿ ಮರಳಿ ಕೇಳುವವರು ಸಮಂಜಸ ಕಾಲದೊಳಗೆ ಬರಬೇಕೆಂಬ ಮುಂದಿನ ತೀರ್ಪಿನಿಂದ ಹಲವರ ಅರ್ಜಿಗಳು ಬಿದ್ದುಹೋದಾಗ, 2023ರ ತಿದ್ದುಪಡಿಯು ಕಾಲಮಿತಿಯ ಅಡ್ಡಿಯನ್ನು ತೆಗೆಯಿತು. ಸರ್ಕಾರದ ಅಪ್ಪಣೆಯಿಲ್ಲದೆ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಭೂಮಿ, ಮತ್ತು ಇತರ ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡುವ ಬಗರ್ ಹುಕುಂ ಸಾಗುವಳಿದಾರರು ಫಾರಂ 50, 53, 57ಗಳಲ್ಲಿ ಕಾಲಕಾಲಕ್ಕೆ ಸಕ್ರಮಕ್ಕಾಗಿ ಅರ್ಜಿ ಸಲ್ಲಿಸುತ್ತ ಬಂದಿದ್ದಾರೆ.

ಹೆಣ್ಣುಮಕ್ಕಳ ಪಾಲು

ಒಂದೇ ಹಳೆಯ ಜಿಲ್ಲೆಯ ಎರಡು ಭಾಗಗಳ ನಡುವಣ ಅಂತರ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಹಿಂದೂ ಅವಿಭಕ್ತ ಕುಟುಂಬದ ಹೊಲದಲ್ಲಿ ಮಗಳಿಗೆ ದೊರೆತ ಹಕ್ಕು ಸಾಕ್ಷಿ. ಎನ್. ಟಿ. ರಾಮರಾವ್ ಸರ್ಕಾರದ ತಿದ್ದುಪಡಿಯಿಂದ ಆಂಧ್ರಪ್ರದೇಶದಲ್ಲಿ 1985ರ ಸೆಪ್ಟೆಂಬರ್ 5ರಿಂದಲೇ ಮಗಳು ಹುಟ್ಟಿನಿಂದ ಸಹಭಾಗಿಯಾದಳು. ಕರ್ನಾಟಕದಲ್ಲಿ ಅದು 1994ರ ಜುಲೈ 30ರಿಂದ ಜಾರಿಯಾಯಿತು. ಎರಡೂ ಕಡೆ ಆಯಾ ದಿನಕ್ಕಿಂತ ಮೊದಲು ಮದುವೆಯಾದವರಿಗೆ ಈ ಹಕ್ಕು ಇರಲಿಲ್ಲ. ಆದ್ದರಿಂದ 1990ರಲ್ಲಿ ಮದುವೆಯಾದ ತಾಂಡೂರಿನ ಮಗಳಿಗೆ ತವರಿನ ಹೊಲದಲ್ಲಿ ಪಾಲಿತ್ತು, ಅದೇ ವರ್ಷ ಮದುವೆಯಾದ ಸೇಡಂನ ಮಗಳಿಗೆ ಇರಲಿಲ್ಲ. ಸಂಸತ್ತಿನ 2005ರ ತಿದ್ದುಪಡಿಯು ಈ ಭೇದವನ್ನು ತೊಡೆದುಹಾಕಿ, ಗೇಣಿ ಮತ್ತು ಗರಿಷ್ಠ ಮಿತಿಯ ಕಾನೂನುಗಳಿಗೆ ಉತ್ತರಾಧಿಕಾರದಲ್ಲಿದ್ದ ವಿನಾಯಿತಿಯನ್ನೂ ತೆಗೆಯಿತು.

ಮಣ್ಣಿನ ಕೆಳಗಿನ ಕಲ್ಲು

ಭೀಮಾ ಕೊಳ್ಳದ ಸುಣ್ಣಕಲ್ಲು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳ ನೆಲದಡಿಯಲ್ಲಿ ಮಟ್ಟಸವಾದ ಪದರುಗಳಾಗಿ ಹಾಸಿಕೊಂಡಿದೆ. ಮೇಲ್ಮಣ್ಣನ್ನು ಬದಿಗೆ ಒತ್ತರಿಸಿ, ಪದರಿನ ಸಂದಿಗೆ ಹಾರೆ ಹಾಕಿ ಮೀಟಿದರೆ ಚಪ್ಪಡಿಯು ಇಡಿಯಾಗಿ ಏಳುತ್ತದೆ. ಅದನ್ನು ಚೌಕವಾಗಿ ಕೊಯ್ದಾಗ ದಕ್ಷಿಣ ಭಾರತದ ಮನೆಮನೆಗಳಲ್ಲಿ ಕಾಣುವ ಶಹಾಬಾದ್ ಕಲ್ಲು, ಸ್ಥಳೀಯರ ಮಾತಿನ ಫರ್ಸಿ, ಸಿದ್ಧವಾಗುತ್ತದೆ. ಒತ್ತರಿಸಿದ ಎರೆಮಣ್ಣು ಒಡೆದ ಚಪ್ಪಡಿಗಳೊಡನೆ ಬೆರೆತು ಖಣಿಯ ದಂಡೆಯ ಮೇಲೆ ರಾಶಿಯಾಗಿ ಉಳಿಯುತ್ತದೆ, ಮರಳಿ ಹೊಲವಾಗುವುದು ಅಪರೂಪ.

ಕಾನೂನು ಈ ಕಲ್ಲನ್ನು ಅದರ ಬಳಕೆಗೆ ತಕ್ಕಂತೆ ಎರಡಾಗಿ ನೋಡುತ್ತದೆ. ನೆಲಹಾಸಿನ ಚಪ್ಪಡಿಯಾದಾಗ ಅದು ಉಪಖನಿಜ. ಅದರ ನಿಯಮ ಮಾಡುವ ಅಧಿಕಾರವನ್ನು 1957ರ ಗಣಿ ಮತ್ತು ಖನಿಜ ಕಾಯಿದೆಯ 15ನೆಯ ಕಲಂ ರಾಜ್ಯಕ್ಕೆ ಬಿಟ್ಟಿದ್ದು, ಕರ್ನಾಟಕವು 1994ರಲ್ಲಿ ಉಪಖನಿಜ ನಿಯಮಗಳನ್ನು ಮಾಡಿದೆ. ಸಿಮೆಂಟಿಗೆ ಹೋದಾಗ ಅದು ಪ್ರಧಾನ ಖನಿಜವಾಗಿ ಕೇಂದ್ರದ ನಿಯಮಗಳಿಗೆ ಒಳಪಡುತ್ತದೆ, 2015ರಿಂದ ಅದರ ಗುತ್ತಿಗೆ ಹರಾಜಿನಲ್ಲಿ ಮಾತ್ರ ದೊರೆಯುತ್ತದೆ. ಎರಡೂ ಸಂದರ್ಭಗಳಲ್ಲಿ ಖನಿಜದ ಒಡೆತನ ರೈತನದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 70ನೆಯ ಕಲಂ ಗಣಿ ಮತ್ತು ಖನಿಜಗಳ ಹಕ್ಕನ್ನು ಸಂಪೂರ್ಣವಾಗಿ ರಾಜ್ಯ ಸರ್ಕಾರದಲ್ಲಿ ಇರಿಸಿದೆ. ನೆರೆಯ ಕೇರಳದ ಮಲಬಾರಿನಲ್ಲಿ ಭೂಒಡೆಯನಿಗೇ ನೆಲದಡಿಯ ಖನಿಜ ಸೇರುತ್ತದೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು, ಏಕೆಂದರೆ ಅಲ್ಲಿನ ಭೂಒಡೆಯರ ಜನ್ಮಿ ಹಕ್ಕನ್ನು ಕಳಚುವ ಇಂತಹ ಕಾನೂನು ಇರಲಿಲ್ಲ. ಒಕ್ಕೂಟದಲ್ಲಿ ಪ್ರತಿ ಸೀಮೆಯ ಹಳೆಯ ಹಿಡುವಳಿಯು ಇಂದಿನ ಹಕ್ಕನ್ನು ನಿರ್ಧರಿಸುವ ಬಗೆ ಇದು.

ಈ ಸೀಮೆಯ ಸಿಮೆಂಟು ಉದ್ಯಮ ಹಳೆಯದು. ಶಹಾಬಾದ್ ಸಿಮೆಂಟ್ ಕಂಪನಿಯು 1936ರಲ್ಲಿ ಎಸಿಸಿ ಸಿಮೆಂಟು ಕಂಪನಿಯೊಳಗೆ ವಿಲೀನವಾಯಿತು, ವಾಡಿಯ ಕಾರ್ಖಾನೆ 1968ರಲ್ಲಿ ಬಂದಿತು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ಬಳಿಕ ಚಿತ್ತಾಪುರ ತಾಲ್ಲೂಕಿನ ಇಟಗಾ, ಸೇಡಂ ತಾಲ್ಲೂಕಿನ ಕೋಡ್ಲಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲ ಹೀಗೆ ಕಾರ್ಖಾನೆಗಳು ಹೆಚ್ಚಿದವು. ಕೇಂದ್ರ ಸರ್ಕಾರದ ಸಿಮೆಂಟ್ ನಿಗಮವು ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ನಡೆಸುತ್ತಿದ್ದ ಘಟಕ ಮುಚ್ಚಿದೆ, ಗಡಿಯಾಚೆ ತಾಂಡೂರಿನ ಘಟಕ ಉಳಿದಿದೆ. ಕಾರ್ಖಾನೆಗೆ ಹೊಲ ಹೋಗುವ ದಾರಿಗಳು ಮೂರು: ಭೂ ಸುಧಾರಣಾ ಕಾಯಿದೆಯ 109ನೆಯ ಕಲಮಿನ ವಿನಾಯಿತಿಯೊಡನೆ ನೇರ ಖರೀದಿ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ 1966ರ ಕಾಯಿದೆಯಡಿ ಸ್ವಾಧೀನ, ಸಂಸತ್ತಿನ 2013ರ ಭೂಸ್ವಾಧೀನ ಕಾಯಿದೆ. ಕೊನೆಯದು ಖಾಸಗಿ ಕಂಪನಿಗಾಗಿ ಸ್ವಾಧೀನ ಮಾಡುವಾಗ ಶೇ. 80 ಬಾಧಿತರ ಒಪ್ಪಿಗೆಯನ್ನೂ, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ, ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನಧನವನ್ನೂ ಕಡ್ಡಾಯ ಮಾಡುತ್ತದೆ. ಆದರೆ ಮಂಡಳಿಯ ಕಾಯಿದೆಯು ರಾಜ್ಯದ ಸ್ವತಂತ್ರ ಶಾಸನವಾದ್ದರಿಂದ 2013ರ ಕಾಯಿದೆಯಲ್ಲಿರುವ, ಹಳೆಯ ಸ್ವಾಧೀನಗಳನ್ನು ರದ್ದುಗೊಳಿಸುವ ಕಲಂ ಅದಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಮಾನಿಸಿತು. ಒಂದೇ ಊರಿನ ಎರಡು ಹೊಲಗಳಿಗೆ, ಸ್ವಾಧೀನದ ದಾರಿ ಬೇರೆಯಾದ ಕಾರಣಕ್ಕೆ, ರಕ್ಷಣೆ ಬೇರೆಯಾಗುವುದನ್ನು ನ್ಯಾಯವೆಂದು ಒಪ್ಪುವುದು ಕಷ್ಟ.

ಖನಿಜದ ಹಣದಲ್ಲಿ ಸೀಮೆಗೆ ಸಲ್ಲುವ ಭಾಗದ ಪ್ರಶ್ನೆಯೂ ಇದೆ. 2015ರ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗುತ್ತಿಗೆದಾರರು ಹಳೆಯ ಗುತ್ತಿಗೆಗಳಲ್ಲಿ ರಾಜಧನದ ಶೇ. 30ನ್ನೂ ಹರಾಜಿನ ಗುತ್ತಿಗೆಗಳಲ್ಲಿ ಶೇ. 10ನ್ನೂ ಕೊಡಬೇಕು. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ರಾಜಧನ ತೆರಿಗೆಯಲ್ಲ, ಖನಿಜಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು ಎಂದು ಎಂಟು–ಒಂದರ ಬಹುಮತದಿಂದ ತೀರ್ಪಿತ್ತಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರದು ಭಿನ್ನಮತ.

ಚಿಂಚೋಳಿಯ ಕಾಡು ಮತ್ತು ತಾಂಡಾಗಳು

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಭಾಗದ ಒಣಕಾಡಿನ 134.88 ಚದರ ಕಿ.ಮೀ. ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಈ ಕಾಡಿನ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. 2006ರ ಅರಣ್ಯಹಕ್ಕು ಕಾಯಿದೆಯು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ಬೇಸಾಯ ಮಾಡುತ್ತಿದ್ದ ಪರಿಶಿಷ್ಟ ಪಂಗಡದವರಿಗೆ 4 ಹೆಕ್ಟೇರಿನವರೆಗೆ ಹಕ್ಕು ಕೊಡುತ್ತದೆ; ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಕಾಯಿದೆ ಕೇಂದ್ರದ್ದೇ, ಕಾಡು ಎರಡೂ ಕಡೆ ಹಬ್ಬಿದೆ, ಜನ ಬಂಧುಗಳು. ಆದರೂ ಕುಂಚಾವರಂ ಭಾಗದ ತಾಂಡಾದವನು, ಗಡಿಯಾಚೆಯ ತನ್ನ ಬೀಗನಿಗೆ ಬೇಕಿಲ್ಲದ 75 ವರ್ಷದ ಪುರಾವೆಯನ್ನು ನಿಜಾಮರ ಕಾಲದಿಂದ ಹುಡುಕಿ ತರಬೇಕಾಗುತ್ತದೆ. ಬರಹವಿಲ್ಲದ ಬದುಕಿಗೆ ಇಷ್ಟು ಹಳೆಯ ಸಾಕ್ಷ್ಯ ಕೇಳುವ ಈ ನಿಯಮವು ಕಾಯಿದೆಯ ಉದ್ದೇಶಕ್ಕೇ ವಿರುದ್ಧವಾಗಿದೆ.

ತಾಂಡಾದ ಮನೆಯ ನೆಲಕ್ಕೆ ಸಂಬಂಧಿಸಿ ಸ್ಥಿತಿ ಕೊಂಚ ಸುಧಾರಿಸಿದೆ. ಕಂದಾಯ ದಾಖಲೆಯಲ್ಲಿ ಹೆಸರೇ ಇಲ್ಲದ ತಾಂಡಾ, ಹಟ್ಟಿ, ದೊಡ್ಡಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಘೋಷಿಸಿ, ನಿವಾಸಿಗಳಿಗೆ ಮನೆ ನಿಂತ ಜಾಗದ ಒಡೆತನ ಕೊಡುವಂತೆ ಭೂ ಸುಧಾರಣಾ ಮತ್ತು ಭೂಕಂದಾಯ ಕಾಯಿದೆಗಳಿಗೆ ತಿದ್ದುಪಡಿಯಾಯಿತು. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಆ ಹಕ್ಕುಪತ್ರ ಮನೆಯ ಜಾಗದ್ದು, ಹೊಲದ್ದಲ್ಲ.

ಪಹಣಿ ಮತ್ತು ಪಾಲಿಗೆ ಮಾಡುವವನು

ಹೊಲದ ಹಕ್ಕು, ಸಾಲ, ಬೆಳೆ, ಸಾಗುವಳಿಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಪಹಣಿಯನ್ನು ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯು 2000ದ ದಶಕದ ಆರಂಭದಲ್ಲಿ ಗಣಕಯಂತ್ರಕ್ಕೆ ಏರಿಸಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಹಾಳೆಯ 9ನೆಯ ಕಾಲಮಿನಲ್ಲಿ ಒಡೆಯನ ಹೆಸರು, 11ನೆಯದರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ನೆಯದರಲ್ಲಿ ಸಾಗುವಳಿದಾರನ ಹೆಸರೂ ಬೆಳೆಯೂ ಇರುತ್ತವೆ. 12ನೆಯ ಕಾಲಮಿನಲ್ಲಿ ಸಾಮಾನ್ಯವಾಗಿ ಕಾಣುವುದು ಒಡೆಯನ ಹೆಸರೇ. ಸಾಗುವಳಿಯ ಬಗೆ ‘ಸ್ವಂತ’. ಹೊಲವನ್ನು ಪಾಲಿಗೆ ಅಥವಾ ಲಾವಣಿಗೆ, ಅಂದರೆ ಬೆಳೆಯ ಭಾಗಕ್ಕೋ ನಿಗದಿತ ಹಣಕ್ಕೋ, ಹಿಡಿದವನ ಹೆಸರು ಅಲ್ಲಿ ಬಾರದಿರಲು ಕಾರಣ ಭೂ ಸುಧಾರಣಾ ಕಾಯಿದೆಯ 5ನೆಯ ಕಲಂ; ಸೈನಿಕರು, ನಾವಿಕರಂತಹ ಕೆಲವು ವಿನಾಯಿತಿಗಳನ್ನು ಬಿಟ್ಟು ಅದು ಕೃಷಿಭೂಮಿಯ ಗೇಣಿಯನ್ನೇ ನಿಷೇಧಿಸಿದೆ.

1974ರಲ್ಲಿ ಈ ನಿಷೇಧಕ್ಕೆ ಬಲವಾದ ಕಾರಣವಿತ್ತು: ಉಳುವವನೇ ಒಡೆಯನಾದ ಮೇಲೆ ಹೊಸ ಜಮೀನುದಾರಿಕೆ ಹುಟ್ಟಬಾರದು. ಈಗ ಹೊಲ ಹಿಡಿಯುವವರು ಹೆಚ್ಚಾಗಿ ಭೂಹೀನರು, ಕೊಡುವವರು ಮುಪ್ಪಾದವರು, ಪೇಟೆ ಸೇರಿದವರು, ಗಂಡಾಳಿಲ್ಲದ ಮನೆಯವರು. ಬಾಯಿಮಾತಿನ ಒಪ್ಪಂದವಾದ್ದರಿಂದ ಕೊಡುವವನಿಗೆ ಹೊಲ ಹೋದೀತೆಂಬ ಭಯ, ಹಿಡಿಯುವವನಿಗೆ ಮುಂದಿನ ಮುಂಗಾರಿಗೆ ಹೊಲ ಉಳಿದೀತೇ ಎಂಬ ಭಯ. ಒಂದು ವರ್ಷದ ನಂಬಿಕೆಯ ಮೇಲೆ ಯಾರೂ ಬದು ಹಾಕಿಸುವುದಿಲ್ಲ, ಗೊಬ್ಬರ ಹೇರುವುದಿಲ್ಲ. ತೆಲಂಗಾಣದ ಅನುಭವವೂ ಎಚ್ಚರಿಕೆಯದ್ದೇ ಆಗಿದೆ. ಅವಿಭಜಿತ ಆಂಧ್ರಪ್ರದೇಶವು 2011ರಲ್ಲಿ ಗೇಣಿದಾರರಿಗೆ ಸಾಲಕ್ಕಾಗಿ ಪರವಾನಗಿ ಕಾರ್ಡು ಕೊಡುವ ಕಾಯಿದೆ ಮಾಡಿದ್ದರೂ, 2018ರಲ್ಲಿ ಆರಂಭವಾದ ರೈತು ಬಂಧು ಯೋಜನೆಯ ಎಕರೆವಾರು ಹಣ ಪಟ್ಟೇದಾರರಿಗೆ ಮಾತ್ರ ಹೋಯಿತು. ಒಡೆತನಕ್ಕೆ ಧಕ್ಕೆಯಿಲ್ಲದಂತೆ ಬರಹದ ಗೇಣಿಗೆ ಅವಕಾಶ ಕೊಡುವ ಮಾದರಿ ಕಾಯಿದೆಯನ್ನು ನೀತಿ ಆಯೋಗದ ತಜ್ಞಸಮಿತಿಯು 2016ರಲ್ಲಿ ಮುಂದಿಟ್ಟಿತು; ವಿಷಯ ರಾಜ್ಯಗಳದ್ದಾದ್ದರಿಂದ ಅದು ಸಲಹೆಯಷ್ಟೇ.

ಕರ್ನಾಟಕದಲ್ಲಿ ಬೆಳೆನಷ್ಟ ಪರಿಹಾರವೂ ಇತರ ನೆರವುಗಳೂ ಪಹಣಿಗೆ ಜೋಡಿಸಿದ, ಫ್ರೂಟ್ಸ್ ಎಂಬ ರೈತರ ಗುರುತಿನ ಸಂಖ್ಯೆಯ ಮೂಲಕ ಬ್ಯಾಂಕ್ ಖಾತೆಗೆ ಬರುತ್ತವೆ, ಪಿಎಂ ಕಿಸಾನ್ ಹಣವೂ ಹಿಡುವಳಿದಾರ ಕುಟುಂಬಗಳಿಗೇ ಸೀಮಿತ. ತೊಗರಿಗೆ ನೆಟೆ ರೋಗ ಬಿದ್ದ ವರ್ಷ ಬೀಜ, ಗೊಬ್ಬರ, ಆಳಿನ ಖರ್ಚು ಕಳೆದುಕೊಂಡವನು ಪಾಲಿಗೆ ಮಾಡಿದವನು. ಪರಿಹಾರ ಬರುವುದು 9ನೆಯ ಕಾಲಮಿನವನ ಖಾತೆಗೆ. 5ನೆಯ ಕಲಮನ್ನು ತಿದ್ದುವ ಅಧಿಕಾರ ಪೂರ್ತಿಯಾಗಿ ಕರ್ನಾಟಕದ ವಿಧಾನಮಂಡಲದ್ದು, ಅದು ತಿದ್ದುಪಡಿಯಾಗುವವರೆಗೆ ಈ ಸೀಮೆಯ ಪಾಲುಗಾರ ರೈತನಿಗೆ ಕಾನೂನಿನಲ್ಲಿ ಹೆಸರಿಲ್ಲ.